ಖಾಲಿ ಡಬ್ಬಿ ಕಳಿಸಬೇಡ

ಡೊಂಬಿವಲಿ ಪೂರ್ವ
೧೧ ಫೆಬ್ರುವರಿ ೨೦೨೫, ಮಂಗಳವಾರ

ನನ್ನ ಐಶ್ವರ್ಯಾಳಿಗೆ ಚಿಗವ್ವನ ಆಶೀರ್ವಾದ.

ಕವರಿನ ಮೇಲೆ ನನ್ನ ಅಕ್ಷರ ಕಂಡೂ ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ, ಉಳಿದದ್ದನ್ನೂ ಓದು. ಒಂದೂವರೆ ವರ್ಷದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಕಾಗದ. ನೆರೂಳಿನ ಮನೆಗೆ ಹಾಕಿದರೆ ಸ್ವಪ್ನಿಲ್ ಒಡೆದಾರು ಎಂದು ಮಹಾಪೆಯ ನಿನ್ನ ಆಫೀಸಿನ ವಿಳಾಸಕ್ಕೆ ಹಾಕಿದ್ದೇನೆ. ಅಳಿಯಂದಿರ ಮೇಲೆ ನನಗೆ ಏನೂ ಇಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನಿನ್ನ ಕಡೆಯೇ ಓದಿಸುತ್ತಾರೆ, ನೀನು ಅರ್ಧ ಬಿಟ್ಟು ಓದುತ್ತಿ. ನಿನ್ನನ್ನು ಸಣ್ಣವಳಿದ್ದಾಗಿನಿಂದ ಬಲ್ಲೆ.

ಬೇಸಿಗೆ ಸೂಟಿಗೆ ನಮ್ಮ ಮನೆಗೆ ಬಂದಾಗ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳು ಇಡಿಸಿ ನಿನಗೆ ಅಕ್ಷರ ಕಲಿಸಿದವಳು ನಾನು. ನಾನು ಕಲಿತದ್ದೂ ಏಳನೇ ಇಯತ್ತೆ ಮಾತ್ರ. ಆದಕಾರಣ ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದಿದ್ದೇನೆ. ನಿಧಾನ ಓದು.

ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ಎದೆಯ ಗಂಟು ತೆಗೆದ ಮೇಲೆ, ಅದು ತಿರುಗಿ ಬಾರದಿರಲಿ ಎಂದು ಡಾಕ್ಟರು ನಿನಗೆ ದಿನಕ್ಕೊಂದರಂತೆ ಐದು ವರ್ಷ ನುಂಗಲು ಹಾರ್ಮೋನಿನ ಗುಳಿಗೆ ಕೊಟ್ಟಿದ್ದಾರೆ. ಆ ಗುಳಿಗೆಯನ್ನು ನೀನು ಬಿಟ್ಟಿದ್ದಿ. ಹೌದೋ, ಅಲ್ಲವೋ?

ನಿನ್ನ ಆಪರೇಶನ್ನಿನ ಸುದ್ದಿಯನ್ನು ನೀನು ನನಗೆ ಹೇಳಲಿಲ್ಲ. ನಿಮ್ಮಪ್ಪ ಕಲ್ಯಾಣದಿಂದ ಫೋನ್ ಮಾಡಿ ಹೇಳಿದರು. ಯಜಮಾನರು ಹೋದಾಗಿನಿಂದ ನಾನು ದಿನಾ ಡೈರಿ ಬರೆಯುತ್ತೇನೆ, ಹಾಲಿನವನು ಬರಲಿಲ್ಲ ಎಂಬುದನ್ನೂ ಬರೆಯುತ್ತೇನೆ. ಅವ್ವನನ್ನು ಒಯ್ದ ರೋಗವೇ ಮಗಳಿಗೂ ಮೂವತ್ತನಾಲ್ಕಕ್ಕೆ ಬಂತು ಎಂದು ಕೇಳಿದ ದಿನ ಮಾತ್ರ ತಾರೀಖು ಬರೆದಿದ್ದೇನೆ. ಅದರ ಕೆಳಗೆ ಹಾಳೆ ಖಾಲಿ ಇದೆ.

ನನಗೆ ಸಂಶಯ ಬಂದದ್ದು ಒಳ್ಳೆಯ ಸುದ್ದಿಯಿಂದ. ಜೂನಿನಲ್ಲಿ ಗುಳಿಗೆ ಶುರುವಾದಾಗಿನಿಂದ ನಿಮ್ಮಪ್ಪ ಪ್ರತಿ ಭಾನುವಾರ ನಿನ್ನಲ್ಲಿಗೆ ಬಂದು ಹೋಗಿ, ಸೋಮವಾರ ನನಗೆ ಫೋನ್ ಮಾಡಿ ಹೇಳುತ್ತಿದ್ದರು. ಮೈಯಲ್ಲಿ ಒಮ್ಮೆಲೇ ಬೆಂಕಿ ಹೊಕ್ಕಂತೆ ಝಳ ಬರುತ್ತದೆ. ಕಾಲಿನ ಮೀನಖಂಡ ಹಿಡಿಯುತ್ತದೆ. ನಿದ್ದೆ ಇಲ್ಲ. ಸಣ್ಣದಕ್ಕೆ ಸಿಟ್ಟು, ಸಣ್ಣದಕ್ಕೆ ಅಳು. ಆಫೀಸಿನಲ್ಲಿ ನೀನು ಎಸಿಯನ್ನು ಹದಿನೆಂಟಕ್ಕೆ ಇಟ್ಟುಬಿಡುತ್ತಿ, ಪಕ್ಕದ ಹುಡುಗಿಯರು ಶಾಲು ಹೊದ್ದುಕೊಂಡು ಬಂದು ಕುಳಿತು ನಿನಗೆ ಮಹಾಬಳೇಶ್ವರ ಎಂದು ಆ ಚಳಿಯೂರಿನ ಹೆಸರಿಟ್ಟಿದ್ದಾರೆ ಎಂದು ಹೇಳಿ ನಿಮ್ಮಪ್ಪ ನಕ್ಕರು. ಪಾಪ, ನಗುವ ದನಿ ಅದಲ್ಲ.

ಡಿಸೆಂಬರ್ ಕೊನೆಯ ಸೋಮವಾರ ಮಾತ್ರ ಅವರ ದನಿಯೇ ಬೇರೆ ಇತ್ತು. ಐಶೂಗೆ ಈಗ ಏನೂ ತ್ರಾಸಿಲ್ಲ, ರಾತ್ರಿ ಮಲಗಿದರೆ ಬೆಳಿಗ್ಗೆಯೇ ಏಳುತ್ತಾಳೆ, ಸಿಟ್ಟೂ ಹೋಗಿದೆ, ಎಲ್ಲ ಅವಳ ಪಥ್ಯದ ಗುಣ ಎಂದರು. ಹಾಲು ಬಿಟ್ಟಿದ್ದಾಳೆ, ಸಕ್ಕರೆ ಬಿಟ್ಟಿದ್ದಾಳೆ, ಬೆಳಿಗ್ಗೆ ಎಂಥದೋ ಹಸಿರು ಹುಲ್ಲಿನ ರಸ ಕುಡಿಯುತ್ತಾಳೆ ಎಂದರು. ನಾನು ಒಳ್ಳೆಯದಾಯಿತು ಎಂದೆ. ಫೋನ್ ಇಟ್ಟ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ತಿಳಿಯಲಿಲ್ಲ. ಯಾಕೆಂದರೆ ಇದೇ ಸುದ್ದಿಯನ್ನು ನಾನು ಹಿಂದೆಯೂ ಕೇಳಿದ್ದೆ. ನಿಮ್ಮವ್ವನ ಬಾಯಿಂದ ಕೇಳಿದ್ದೆ.

ಸಂಕ್ರಾಂತಿಗೆ ಕುಸುರೆಳ್ಳು ಕೊಡುವ ನೆಪ ಮಾಡಿ ನಿಮ್ಮಪ್ಪನ ಬೆನ್ನು ಹತ್ತಿ ನೆರೂಳಿಗೆ ಬಂದದ್ದು ಇದಕ್ಕೇ. ನೀನು ಬಾಗಿಲು ತೆಗೆದು ಹಿಂದಿಯಲ್ಲಿ "ಆಯಿಯೇ" ಎಂದಿ, ಕೊರಿಯರ್ ತಂದವರಿಗೆ ಅನ್ನುವಂತೆ. ನಾನು ಬಂದದ್ದು ಮಾತಾಡಲು ಅಲ್ಲ, ನೋಡಲು. ಎಲ್ಲ ನೋಡಿದೆ. ನಿನ್ನ ಮುಖದ ಮೇಲೆ ಒಂದು ಹನಿ ಬೆವರಿರಲಿಲ್ಲ. ಫ್ಯಾನ್ ಹಾಕಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಬೇಡವಾದ ಪದಾರ್ಥಗಳ ಪಟ್ಟಿ ಅಂಟಿಸಿದ್ದಿ, ಅದರ ಕಡೆಯಲ್ಲಿ ಅಗಸಿ ಬೀಜ ಎಂದು ಇಂಗ್ಲಿಷಿನಲ್ಲಿ ಬರೆದು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಿ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಆಫೀಸಿನ ಫೋನ್ ಬಂದು ನೀನು ಒಳಗೆ ಹೋದಾಗ ನಾನು ಫ್ರಿಜ್ಜಿನ ಮೇಲಿದ್ದ ದಿನಕ್ಕೊಂದರಂತೆ ಏಳು ಮನೆಗಳ ಗುಳಿಗೆ ಡಬ್ಬಿಯನ್ನು ಎತ್ತಿ ನೋಡಿದೆ. ಅಂದು ಮಂಗಳವಾರ. ಭಾನುವಾರದ ಮನೆ ಭರ್ತಿ. ಸೋಮವಾರದ ಮನೆಯೂ ಭರ್ತಿ. ಮುಚ್ಚಳದ ಮೇಲೆ ಬೆರಳು ಎಳೆದರೆ ಗೆರೆ ಮೂಡಿತು.

ಬಂದ ಮನೆಯಲ್ಲಿ ಡಬ್ಬಿ ತೆರೆದು ನೋಡುವುದು ಮರ್ಯಾದೆಯಲ್ಲ, ನನಗೂ ಗೊತ್ತು. ಬೈಯುವುದಿದ್ದರೆ ಬೈ. ಹೋಗಹೋಗುತ್ತ ಕೆಲವರಿಗೆ ಈ ತ್ರಾಸು ತಾನಾಗಿ ಇಳಿಯುತ್ತದಂತೆ, ನಿನಗೂ ಹಾಗೇ ಆಗಿ, ಡಬ್ಬಿ ಬಿಟ್ಟು ಸ್ಟ್ರಿಪ್ಪಿನಿಂದಲೇ ನೀನು ದಿನಾ ನುಂಗುತ್ತಿದ್ದರೆ ಈ ಕಾಗದ ಓದಿ ನಗು. ನನ್ನ ಸಂಶಯ ಸುಳ್ಳಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ.

ನಿಜವಾಗಿದ್ದರೆ ಮಾತ್ರ ಮುಂದಿನದು ನಿನಗೆ ಗೊತ್ತಾಗಬೇಕು.

ನಿಮ್ಮವ್ವ ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ನೆನಪಿದೆಯಾ? ಜನ ಉಂಡು ಹೋದ ಮೇಲೆ ನೀನು ಅಡುಗೆಮನೆಯ ಕಪಾಟು ತೆರೆದು ನನ್ನ ಸ್ಟೀಲ್ ಡಬ್ಬಿ ಹೊರಗೆ ತೆಗೆದಿ. ಮುಚ್ಚಳದ ಮೇಲೆ ನಮ್ಮ ಯಜಮಾನರ ಹೆಸರು, ಮಹಾದೇವಪ್ಪ ಎಂದು ಕೊರೆದ ಡಬ್ಬಿ. ಅಗಸಿ ಬೀಜ ಹುರಿದು, ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಕುಟ್ಟಿದ ಹಿಂಡಿಯನ್ನು ಅದರಲ್ಲಿ ತುಂಬಿ ತಿಂಗಳಿಗೊಮ್ಮೆ ಅಕ್ಕನಿಗೆ ಕಳಿಸುತ್ತಿದ್ದೆ. ಬಾಯಿ ರುಚಿ ಕೆಟ್ಟಾಗಲೂ ರೊಟ್ಟಿಯ ಜೊತೆ ಅದೊಂದು ಅವಳಿಗೆ ಸೇರುತ್ತಿತ್ತು. ಅವಳು ಆ ಡಬ್ಬಿಯನ್ನು ಒಮ್ಮೆಯೂ ಖಾಲಿ ತಿರುಗಿಸಲಿಲ್ಲ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆ, ಎರಡು ಲಿಂಬಿಹಣ್ಣು. ಖಾಲಿ ಡಬ್ಬಿ ಬಂದರೆ ಸಂಬಂಧ ತೀರಿತು ಅಂತ ತಿಳಿ ಎಂದು ನಗುತ್ತಿದ್ದಳು.

ನೀನು ಫೋನಿನಲ್ಲಿ ಏನೋ ಓದಿದ್ದಿ. ಅಗಸಿಯಲ್ಲಿ ಹೆಣ್ಣಿನ ಹಾರ್ಮೋನಿನಂಥದ್ದು ಇರುತ್ತದೆ, ಅದು ಈ ರೋಗಕ್ಕೆ ಗೊಬ್ಬರ ಹಾಕಿದಂತೆ ಎಂದು. ಹಿಂಡಿಯನ್ನು ಕಸದ ಬುಟ್ಟಿಗೆ ಸುರಿದು, ಡಬ್ಬಿಯನ್ನು ನನ್ನ ಮುಂದೆ ಇಟ್ಟು ಹೇಳಿದಿ: "ಮೌಶಿ, ತಿಂಗಳಾ ತಿಂಗಳಾ ನೀನು ಅವಳಿಗೆ ಇದನ್ನೇ ತಿನ್ನಿಸಿದಿ."

ಅಲ್ಲಿಯವರೆಗೆ ನಿನ್ನ ಬಾಯಲ್ಲಿ ನಾನು ಚಿಗವ್ವ ಆಗಿದ್ದೆ. ಆವತ್ತು ಮರಾಠಿಯ ಮೌಶಿ ಆದೆ. ಖಾಲಿ ಡಬ್ಬಿ ಎತ್ತಿಕೊಂಡು ಸ್ಟೇಶನ್ನಿಗೆ ಬಂದೆ.

ನಾನು ಅದನ್ನು ನಂಬಿದೆ, ಐಶೂ. ಮನೆಯಲ್ಲಿದ್ದ ಅಗಸಿಯನ್ನೆಲ್ಲ ಗ್ಯಾಲರಿಯಿಂದ ಪಾರಿವಾಳಕ್ಕೆ ಚೆಲ್ಲಿದೆ. ಒಳಕಲ್ಲಿನ ವಾಸನೆ ಹೋಗಲಿ ಎಂದು ಸೋಡಾ ಹಾಕಿ ತಿಕ್ಕಿದೆ. ಅಕ್ಕನನ್ನು ನಾನೇ ಕೊಂದೆನೇ ಎಂದು ಡೈರಿಯಲ್ಲಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೆ ನನ್ನ ಮೇಲಿನ ಸಂಶಯದ ಜೊತೆಗೇ ಇನ್ನೊಂದು ಸಂಶಯವೂ ಇತ್ತು. ಅದೇ ದಿನ ಸಂಜೆ ನಿಮ್ಮಪ್ಪ ಒಂದು ಕರಿ ಪ್ಲಾಸ್ಟಿಕ್ ಚೀಲ ಹಿಡಿದು ಹೊರಟಿದ್ದರು. ಎಲ್ಲಿಗೆ ಎಂದರೆ ನಿರ್ಮಾಲ್ಯ, ಕಾಳಾ ತಲಾವ್ ಕೆರೆಯ ಕುಂಡದಲ್ಲಿ ಹಾಕಿ ಬರುತ್ತೇನೆ ಎಂದರು. ಮೆಟ್ಟಿಲು ಇಳಿಯುವಾಗ ಆ ಚೀಲ ಚರಚರ ಎಂದಿತು. ಬಾಡಿದ ಹೂವು, ಬಿಲ್ವಪತ್ರೆ ಹಾಗೆ ಸಪ್ಪಳ ಮಾಡುವುದಿಲ್ಲ.

ಆ ಸಪ್ಪಳವನ್ನು ಒಂದೂವರೆ ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದೆ. ಸಂಕ್ರಾಂತಿಯ ದಿನ ನಿನ್ನ ಮನೆಯಿಂದ ಬರುವಾಗ ಠಾಣೆ ಸ್ಟೇಶನ್ನಿನಲ್ಲಿ ಗಾಡಿ ಬದಲಿಸಲು ಇಳಿದೆವಲ್ಲ, ಅಲ್ಲಿ ಬೆಂಚಿನ ಮೇಲೆ ಕುಳಿತು ಕೇಳಿಯೇ ಬಿಟ್ಟೆ. ಕಲ್ಯಾಣದ ಗಾಡಿ ಬಂತು, ನಾವು ಏಳಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆವು. ನಿಮ್ಮಪ್ಪ ಟೋಪಿ ತೆಗೆದು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು.

ನಿಮ್ಮವ್ವನ ಬಳೆ ಪೆಟ್ಟಿಗೆಯಲ್ಲಿ, ಬಳೆಗಳ ಕೆಳಗೆ, ಅವರಿಗೆ ಅವಳ ಹಾರ್ಮೋನಿನ ಗುಳಿಗೆಯ ಸ್ಟ್ರಿಪ್ಪುಗಳು ಸಿಕ್ಕಿದ್ದವು. ಹದಿನಾಲ್ಕು ತಿಂಗಳ ಗುಳಿಗೆ. ಒಂದೂ ಒಡೆದಿರಲಿಲ್ಲ. ತಿಂಗಳಾ ತಿಂಗಳಾ ಅಂಗಡಿಯಿಂದ ತಂದು ಅವಳ ಕೈಗೆ ಕೊಟ್ಟವರು ಅವರೇ. ಅವಳು ಇಸಿದುಕೊಂಡು, ಹೂಂ ಎಂದು, ಒಳಗೆ ಹೋಗಿ ಬಳೆ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಡಾಕ್ಟರು ಕೇಳಿದಾಗಲೂ ದಿನಾ ನುಂಗುತ್ತೇನೆ ಎಂದೇ ಹೇಳಿದ್ದಳು.

ಯಾವಾಗಿನಿಂದ ಎಂದು ಕೇಳಿದೆ. ನಿನ್ನ ಮದುವೆಯ ಹಿಂದಿನ ತಿಂಗಳಿನಿಂದ ಎಂದರು.

ನೀನು ಇದನ್ನು ಓದಿ ತಪ್ಪನ್ನು ನಿನ್ನ ತಲೆಯ ಮೇಲೆ ಹೊರಬೇಡ. ಅದಕ್ಕೆ ಹೆದರಿಯೇ ಅವರು ಮುಚ್ಚಿಟ್ಟದ್ದು. ನಡೆದದ್ದು ಇಷ್ಟು. ಅವ್ವನದು ನಿನ್ನ ಗುಳಿಗೆಯಲ್ಲ, ಬೇರೆ ಹೆಸರಿನದು. ಅದರಿಂದ ಅವಳ ಬೆರಳಿನ ಗೆಣ್ಣುಗಳು ಬಿಗಿಯುತ್ತಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ರೊಟ್ಟಿ ಬಡಿಯಲು ಕುಳಿತರೆ ಹಿಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂಡುತ್ತಿದ್ದಳು. ನಿನ್ನ ಮದುವೆಗೆ ಒಂದು ತಿಂಗಳು ಇರುವಾಗ ಅಳತೆ ನೋಡಲು ಬಳೆ ಅಂಗಡಿಗೆ ಹೋಗಿದ್ದೆವು, ನೀನು ಆಫೀಸಿನಲ್ಲಿದ್ದಿ. ಬಳೆಗಾರ್ತಿ ಸೋಪು ಹಚ್ಚಿದಳು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿ ಜಾರಿಸಿದಳು. ಗೆಣ್ಣು ದಾಟುವಲ್ಲಿ ಎರಡು ಹಸಿರು ಬಳೆ ಒಡೆದವು. ಮಗಳ ಮದುವೆಯ ಬಳೆ ತಾಯಿಯ ಕೈಯಲ್ಲಿ ಒಡೆದವು ಎಂದರೆ ಅವಳಿಗೆ ಏನಾಗಿರಬೇಕು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮನೆ ಮುಟ್ಟುವವರೆಗೆ ಹೊರಗೆ ತೆಗೆಯಲಿಲ್ಲ.

ಆಮೇಲೆ ಯಾರೋ ಅವಳಿಗೆ ಹೇಳಿದರು, ಒಂದು ತಿಂಗಳು ಗುಳಿಗೆ ಬಿಡು, ಕೈ ಸಡಿಲಾಗುತ್ತದೆ, ಮದುವೆ ಮುಗಿದ ಮೇಲೆ ಮತ್ತೆ ನುಂಗಿದರಾಯಿತು ಎಂದು. ಬಿಟ್ಟಳು. ಮೂರು ವಾರಕ್ಕೆ ಕೈ ಸಡಿಲಾಯಿತು. ನಿನಗೆ ಬಳೆ ಇಡಿಸಿದ ದಿನ ಅವಳಿಗೂ ಕೈ ತುಂಬ ಇಡಿಸಿದರು, ಒಂದೂ ಒಡೆಯಲಿಲ್ಲ. ನಿನ್ನ ಆಲ್ಬಮಿನಲ್ಲಿ ಅವ್ವ ಎರಡೂ ಕೈ ಎತ್ತಿ ತೋರಿಸಿ ನಗುತ್ತಿರುವ ಫೋಟೋ ಇದೆ. ಅದು ಆ ದಿನದ್ದು. ಆಮೇಲೆ ನಿದ್ದೆ ಬಂತು, ಝಳ ಹೋಯಿತು, ರೊಟ್ಟಿ ಬಡಿದಳು. ಈರವ್ವ, ನನಗ ಮೊದಲಿನ ಮೈ ತಿರುಗಿ ಬಂದೈತಿ ಎಂದಳು. ಬಂದ ಮೈಯನ್ನು ಯಾರು ಕಳೆದುಕೊಳ್ಳುತ್ತಾರೆ? ಒಂದು ತಿಂಗಳು ಹದಿನಾಲ್ಕಾಯಿತು. ಹದಿನೈದನೆಯ ತಿಂಗಳು ಬೆನ್ನು ನೋಯುತ್ತದೆ ಎಂದು ಹೋದರೆ ರೋಗ ಎಲುಬಿಗೆ ಇಳಿದಿತ್ತು.

ನಿಮ್ಮಪ್ಪ ಇದನ್ನು ಹೇಳಿ, ನೀನು ಹಿಂಡಿ ಸುರಿದಾಗ ತಾವು ಸುಮ್ಮನಿದ್ದದ್ದು ತಪ್ಪೇ ಎಂದು ನನ್ನನ್ನೇ ಕೇಳಿದರು. "ಅಗಸಿಗೆ ಜೀವ ಇಲ್ಲ ಈರವ್ವ. ಅದರ ಮ್ಯಾಲೆ ಹಾಕಿದ್ರ ಅದಕ್ಕೇನೂ ನೋವಾಗಂಗಿಲ್ಲ ಅಂತ ತಿಳದೆ."

"ನನಗ ಜೀವ ಐತಿ, ಮಾಮಾ" ಎಂದೆ.

ಅವರು ಕಣ್ಣು ಒರೆಸಿಕೊಂಡರು. ಮೂರನೆಯ ಗಾಡಿಗೆ ಹತ್ತಿದೆವು. ಗಾಡಿಯಲ್ಲಿ ಅವರಿಗೆ ಒಂದೇ ಚಿಂತೆ, ಗುಳಿಗೆ ಬಿಡು ಎಂದು ಅವಳ ತಲೆಗೆ ತುಂಬಿದವರು ಯಾರು ಎಂದು. ಎದುರು ಮನೆಯ ಪ್ರಫುಲ್ಲಾ ಇರಬೇಕು, ಅವಳಿಗೆ ಎಲ್ಲದಕ್ಕೂ ಮನೆಮದ್ದು ಗೊತ್ತು ಎಂದರು. ಅದಕ್ಕೇ ಅವಳ ಜೊತೆ ಮಾತು ಬಿಟ್ಟಿದ್ದಾರಂತೆ. ಇರಬಹುದೇನೋ ಎಂದು ನಾನು ಕಿಟಕಿಯ ಕಡೆ ತಿರುಗಿದೆ.

ಜನವರಿ ಇಪ್ಪತ್ತೆಂಟಕ್ಕೆ ಅಕ್ಕನ ಫೈಲು ಹಿಡಿದು ಅವಳ ಡಾಕ್ಟರ ಬಳಿ ಒಬ್ಬಳೇ ಹೋದೆ. ಮೂರು ತಾಸು ಕುಳಿತ ಮೇಲೆ ಒಳಗೆ ಕರೆದರು. ನನ್ನ ಮುರುಕು ಹಿಂದಿಯಲ್ಲಿ ಮೊದಲು ಅಗಸಿಯನ್ನೇ ಕೇಳಿದೆ. ಊಟದ ಜೊತೆ ಒಂದೆರಡು ಚಮಚೆ ಅಗಸಿ ತಿಂದದ್ದಕ್ಕೆ ರೋಗ ತಿರುಗಿ ಬಂತು ಎನ್ನಲು ತಮಗೆ ಯಾವ ಆಧಾರವೂ ಕಂಡಿಲ್ಲ ಎಂದರು. ಆಮೇಲೆ ಗುಳಿಗೆ ಬಿಟ್ಟದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನುಂಗಿದ್ದರೆ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ, ಬಾರದೆ ಇರುವ ಸಾಧ್ಯತೆ ಹೆಚ್ಚಿತ್ತು ಎಂದಷ್ಟೇ ಹೇಳಬಲ್ಲೆ ಎಂದರು. ಬೇಸರ ಅವರಿಗಿದ್ದದ್ದು ಅವಳು ಹೇಳದೆ ಇದ್ದದ್ದಕ್ಕೆ. ಗೆಣ್ಣು ಬಿಗಿದರೆ ಬೇರೆ ಗುಳಿಗೆ ಕೊಟ್ಟು ನೋಡಬಹುದಿತ್ತು. ಝಳಕ್ಕೆ, ನಿದ್ದೆಗೆ ಉಪಾಯಗಳಿವೆ. ದಿನಾ ಅರ್ಧ ತಾಸು ಚುರುಕಾಗಿ ನಡೆದರೆ ಕೀಲಿಗೂ ಎಲುಬಿಗೂ ಮನಸ್ಸಿಗೂ ಒಳ್ಳೆಯದು. ನಮ್ಮ ಹೆಣ್ಣುಮಕ್ಕಳು ನೋವನ್ನು ಹಲ್ಲು ಕಚ್ಚಿ ಸಹಿಸುತ್ತಾರೆ, ಇಲ್ಲವೇ ಸದ್ದಿಲ್ಲದೆ ಗುಳಿಗೆ ಬಿಡುತ್ತಾರೆ, ನಮಗೆ ಮಾತ್ರ ಹೇಳುವುದಿಲ್ಲ ಎಂದರು.

ಈಗ ನಿನ್ನ ಫ್ರಿಜ್ಜಿನ ಪಟ್ಟಿ ನನಗೆ ಅರ್ಥವಾಗುತ್ತದೆ. ಅವ್ವನನ್ನು ಊಟ ಕೊಂದಿತು ಎಂದು ನೀನು ನಂಬಿದಿ, ಅದಕ್ಕೇ ಊಟ ನಿನ್ನನ್ನು ಉಳಿಸುತ್ತದೆ ಎಂದು ನಂಬಿದ್ದಿ. ಆ ನಂಬಿಕೆಯನ್ನು ನಿನ್ನ ಕೈಗೆ ಕೊಟ್ಟದ್ದು ನಮ್ಮ ಸುಳ್ಳು. ನಿಮ್ಮಪ್ಪ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ನಿನಗೆ ಹೇಳಬೇಡ ಎಂದು ಅವರು ಆ ಸ್ಟೇಶನ್ನಿನ ಬೆಂಚಿನ ಮೇಲೆ ನನ್ನ ಕಡೆ ಆಣೆ ಹಾಕಿಸಿಕೊಂಡರು. ಇವತ್ತು ಮುರಿದಿದ್ದೇನೆ.

ಹುಲ್ಲಿನ ರಸ ಕುಡಿ, ಬೇಡ ಎನ್ನುವುದಿಲ್ಲ. ಸಕ್ಕರೆ ಬಿಟ್ಟದ್ದೂ ಒಳ್ಳೆಯದೇ. ಆದರೆ ಈ ವಾರವೇ ನಿನ್ನ ಡಾಕ್ಟರ ಬಳಿ ಹೋಗು. ಬಿಟ್ಟಿದ್ದೇನೆ ಎಂದು ಅವರ ಮುಖ ನೋಡಿ ಹೇಳು. ಏನೇನು ತ್ರಾಸಾಯಿತೋ ಎಲ್ಲ ಹೇಳು, ಅಳು ಬಂದರೆ ಅಲ್ಲೇ ಅಳು. ಒಬ್ಬಳೇ ಹೋಗಲು ಮನಸ್ಸಿಲ್ಲದಿದ್ದರೆ ನಾನು ಬಂದು ಹೊರಗಿನ ಬೆಂಚಿನ ಮೇಲೆ ಕೂಡುತ್ತೇನೆ, ಮಾತಾಡುವುದಿಲ್ಲ. ಮತ್ತೆ ಝಳ ಶುರುವಾದರೆ ಎಸಿ ಹದಿನೆಂಟಕ್ಕೇ ಇರಲಿ. ಆ ಹುಡುಗಿಯರಿಗೆ ನಾನು ದಪ್ಪ ಶಾಲು ಕೊಡಿಸುತ್ತೇನೆ.

ಮುಂದಿನ ಸಲ ನೀನು ಬಾಗಿಲು ತೆಗೆದಾಗ ಮೌಶಿ ಅನ್ನು, ಆಯಿಯೇ ಅನ್ನು, ನಿನಗೆ ಬಿಟ್ಟದ್ದು. ಮುಖ ಬೆವರಿದ್ದರೂ ನಡೆದೀತು. ನೀನು ಇರಬೇಕು.

ನಿನ್ನ ಅವ್ವನ ಬೆನ್ನಿಗೆ ಬಿದ್ದ ತಂಗಿ, ನಿನ್ನ ಚಿಗವ್ವ,
ಈರವ್ವ

ತಾ.ಕ. ಕವರು ಅಂಟಿಸಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಯಾರೋ ಹೇಳಿದರು ಎಂದು ಬರೆದಿದ್ದೇನಲ್ಲ, ಅದು ಪ್ರಫುಲ್ಲಾ ಅಲ್ಲ. ೨೦೨೧ರ ನವೆಂಬರ್ ಒಂಬತ್ತರ ಡೈರಿ ಹಾಳೆಯಲ್ಲಿ ನನ್ನದೇ ಅಕ್ಷರದಲ್ಲಿ ಇದೆ: "ಅಕ್ಕನಿಗೆ ಒಂದು ತಿಂಗಳು ಗುಳಿಗೆ ಬಿಡು ಅಂದೆ. ನಕ್ಕಳು." ಯಜಮಾನರು ಹೋದ ಮೇಲೆ ನನ್ನ ಕೈಗೆ ಹಸಿರು ಬಳೆ ಇಲ್ಲ. ಅವಳ ಕೈಯನ್ನಾದರೂ ತುಂಬ ನೋಡಬೇಕು ಎಂಬ ಆಸೆ ನನ್ನದಿತ್ತು. ಮದುವೆ ಮುಗಿದ ಮೇಲೆ ಮತ್ತೆ ಶುರು ಮಾಡಿದೆಯಾ ಎಂದು ಒಮ್ಮೆಯೂ ಕೇಳಲಿಲ್ಲ. ಅವಳ ಬೆರಳು ನೋಡಿದರೆ ತಿಳಿಯುತ್ತಿತ್ತು. ನೋಡುತ್ತಿದ್ದೆ, ಕೇಳಲಿಲ್ಲ. ಇದು ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ, ನಾನೇ ಹೇಳುತ್ತೇನೆ.

ಬರುವ ಭಾನುವಾರ ಅವರ ಕೈಯಲ್ಲಿ ಅದೇ ಡಬ್ಬಿಯಲ್ಲಿ ಹಿಂಡಿ ಕಳಿಸುತ್ತೇನೆ. ತಿನ್ನು, ಇಲ್ಲವೇ ಸುರಿ. ಡಬ್ಬಿ ಮಾತ್ರ ಖಾಲಿ ಕಳಿಸಬೇಡ. ಸಕ್ಕರೆ ಬೇಡ, ಲಿಂಬಿಹಣ್ಣು ಬೇಡ. ಒಂದು ತಿಂಗಳ ಗುಳಿಗೆ ನುಂಗಿ ಬರಿದಾದ ಸ್ಟ್ರಿಪ್ ಹಾಕಿ ಕಳಿಸು. ನುಂಗದೆ ಬಚ್ಚಲಿಗೆ ಸುರಿದೂ ಬರಿ ಸ್ಟ್ರಿಪ್ ಕಳಿಸಬಹುದು, ಅದು ನನಗೆ ಹೊಳೆಯದೆ ಇಲ್ಲ. ಹಾಗೆ ಮಾಡುವ ಮನಸ್ಸು ಬಂದ ದಿನ ಡಬ್ಬಿಯ ಮುಚ್ಚಳ ಹಾಕಬೇಡ, ನನಗೆ ಫೋನ್ ಮಾಡು.